ಹದ ಮಾಡಿದವರ ಹೆಸರೂ ಇರಲಿ

ಆಫ್ರಿಕಾದ ಯುವ ಚರ್ಮ ವಿನ್ಯಾಸಕರಿಗೆ ಒಂದು ಬಹಿರಂಗ ಪತ್ರ

ಅಡಿಸ್ ಅಬಾಬಾ, ಕಾನೊ, ಲೇಗೋಸ್, ನೈರೋಬಿ, ಕುಮಾಸಿ, ಹರಾರೆಯಂಥ ಊರುಗಳಲ್ಲಿ ಕೂತು ಚೀಲ, ಚಪ್ಪಲಿ, ಜಾಕೀಟುಗಳ ನಕ್ಷೆ ಬರೆಯುತ್ತಿರುವ ಗೆಳೆಯ ಗೆಳತಿಯರೆ,

ನಾನು ಕರ್ನಾಟಕದವನು. ಬೆಳಗಾವಿ ಜಿಲ್ಲೆಯ ಅಥಣಿಯ ಕಡೆ ಚಪ್ಪಲಿ ಕಟ್ಟುವ ಮನೆಗಳ ಜೊತೆ ಒಡನಾಡುತ್ತ ಬಂದವನು. ಅಡಿಸ್ ಅಬಾಬಾದಲ್ಲಿರುವ ಆಫ್ರಿಕಾ ಚರ್ಮ ಮತ್ತು ಚರ್ಮೋತ್ಪನ್ನ ಸಂಸ್ಥೆಯು ಅಮೆರಿಕದ ಚರ್ಮೋದ್ಯಮದ ಮಂಡಳಿ ನಡೆಸುವ ‘ರಿಯಲ್ ಲೆದರ್ ಸ್ಟೇ ಡಿಫರೆಂಟ್’ ಅಭಿಯಾನದೊಂದಿಗೆ ಸೇರಿ ನಿಮ್ಮಂಥ ಹೊಸಬರಿಗಾಗಿ ಏರ್ಪಡಿಸುವ ವಿನ್ಯಾಸ ಸ್ಪರ್ಧೆಯನ್ನು ದೂರದಿಂದಲೇ ಆಸಕ್ತಿಯಿಟ್ಟು ನೋಡುತ್ತಿದ್ದೇನೆ. ಉಡುಪು, ಪಾದರಕ್ಷೆ, ಚೀಲ ಬೆಲ್ಟುಗಳಂಥ ಪರಿಕರ ಎಂದು ಅದರಲ್ಲಿ ವಿಭಾಗಗಳಿವೆ. ನೆಲಕ್ಕೂ ನೀರಿಗೂ ಹೊರೆಯಾಗದೆ ಬಹುಕಾಲ ಬಾಳುವ ಚರ್ಮದ ವಸ್ತುವನ್ನು ಮಾಡಿ ತೋರಿಸಿ ಎಂಬುದು ಆ ಸ್ಪರ್ಧೆಯ ಕರೆ. ಆ ಕರೆಗೆ ಓಗೊಟ್ಟು ಹೊರಟಿರುವ ನಿಮ್ಮೊಂದಿಗೆ ಒಂದಿಷ್ಟು ಮಾತಾಡಬೇಕೆನಿಸಿತು.

ಕನ್ನಡದಲ್ಲೇ ಬರೆಯುತ್ತಿದ್ದೇನೆ. ಯಾರಾದರೂ ನಿಮ್ಮ ನುಡಿಗಳಿಗೆ ದಾಟಿಸಿಯಾರು ಎಂಬ ನಂಬಿಕೆಯಿದೆ. ಜೊತೆಗೆ ಇದು ನಮ್ಮ ಓದುಗರಿಗೂ ಸಲ್ಲಬೇಕಾದ ಮಾತು. ಚರ್ಮದ ಕಸುಬಿನಲ್ಲಿ ನಿಮ್ಮ ನಾಡುಗಳ ಕಷ್ಟವೂ ನಮ್ಮ ನಾಡಿನ ಕಷ್ಟವೂ ಒಂದೇ ಬೇರಿನವು.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ‘ಸುಸ್ಥಿರ’ ಎಂಬ ಗುಣ ನಿಮ್ಮ ಮೇಜಿನ ಮೇಲೆ ಬಂದು ಬಿದ್ದ ಚರ್ಮದಲ್ಲಿ ತಾನಾಗಿ ಇರುವುದಿಲ್ಲ. ಪ್ರಾಣಿಯ ಮೈಯಿಂದ ತೊಗಲು ಬಿಡಿಸಿದ ಗಳಿಗೆಯಿಂದ ನೀವು ಕತ್ತಿ ಹಿಡಿಯುವ ಗಳಿಗೆಯ ತನಕ ಅದು ಯಾರ ಯಾರ ಕೈ ದಾಟಿತು, ಅವರು ಅದನ್ನು ಹೇಗೆ ನಡೆಸಿಕೊಂಡರು, ಆ ಕೈಗಳಿಗೆ ಏನು ಸಿಕ್ಕಿತು ಎಂಬುದರಲ್ಲಿ ಇರುತ್ತದೆ. ಆದ್ದರಿಂದ ನಿಮ್ಮ ವಿನ್ಯಾಸ ತೊಗಲಿನ ಹತ್ತಿರದಿಂದಲೇ ಶುರುವಾಗಲಿ. ಮತ್ತು ಬಹುಮಾನದ ವೇದಿಕೆಯಲ್ಲಿ ನಿಮ್ಮ ಹೆಸರು ಕರೆಯುವಾಗ ಹದ ಮಾಡಿದವರ ಹೆಸರನ್ನೂ ಕರೆಯುವಂತಾಗಲಿ.

ತೊಗಲಿನಿಂದಲೇ ತೊಡಗೋಣ. ಆಫ್ರಿಕಾದಲ್ಲಿ ದನ, ಕುರಿ, ಆಡುಗಳಿಗೆ ಬರವಿಲ್ಲ. ಖಂಡದಲ್ಲೇ ಅತಿ ಹೆಚ್ಚು ಜಾನುವಾರು ಇರುವ ದೇಶ ಇಥಿಯೋಪಿಯಾ. ಅಲ್ಲಿನ ಎತ್ತರದ ಸೀಮೆಯ, ಉಣ್ಣೆಯ ಬದಲು ಕೂದಲು ಬೆಳೆಯುವ ಕುರಿಯ ಚರ್ಮ ತೆಳ್ಳಗಿದ್ದರೂ ಗಟ್ಟಿ. ಕೈಗವಸು ಮಾಡುವವರು ಅದನ್ನು ಹುಡುಕಿಕೊಂಡು ಬಂದು ಕೊಳ್ಳುತ್ತಿದ್ದರು. ಬ್ರಿಟನ್ನಿನ ಯೋವಿಲ್ ಊರಿನಲ್ಲಿ 1826ರಲ್ಲಿ ಹುಟ್ಟಿದ ಪಿಟ್ಟಾರ್ಡ್ಸ್ ಕಂಪನಿ ಇಥಿಯೋಪಿಯಾದ ಚರ್ಮ ನೆಚ್ಚಿಕೊಂಡು ದಶಕಗಟ್ಟಲೆ ಹೆಸರು ಮಾಡಿತು. 2023ರಲ್ಲಿ ಬಾಗಿಲು ಹಾಕಿತು. ಚರ್ಮ ನಿಮ್ಮದು, ಹೆಸರು ಬೇರೆಯವರದು. ಇಷ್ಟು ಸಂಪತ್ತಿದ್ದೂ ಜಗತ್ತಿನ ಚರ್ಮದ ವ್ಯಾಪಾರದ ಹಣದಲ್ಲಿ ಆಫ್ರಿಕಾದ ಪಾಲು ತೀರ ಸಣ್ಣದು.

ಇದನ್ನು ಸರಿಪಡಿಸಬೇಕೆಂದು 2008ರಲ್ಲಿ ಇಥಿಯೋಪಿಯಾ ಸರ್ಕಾರ ಹಸಿ ತೊಗಲಿನ ರಫ್ತಿನ ಮೇಲೆ ಶೇ 150ರಷ್ಟು ಸುಂಕ ಹೇರಿತು. ನಾಲ್ಕು ವರ್ಷಗಳ ನಂತರ, ಹದವಾಗಿದ್ದರೂ ಪೂರ್ತಿ ಸಿದ್ಧವಾಗದ ಚರ್ಮಕ್ಕೂ ಅದೇ ಸುಂಕ ಬಂತು. ಹದವೂ ಹೊಲಿಗೆಯೂ ನಮ್ಮಲ್ಲೇ ಆಗಲಿ, ಕೆಲಸ ನಮ್ಮವರಿಗೇ ಸಿಗಲಿ ಎಂಬ ಉದ್ದೇಶ ನ್ಯಾಯವಾದದ್ದೇ. ಆದರೆ ಬರಿಯ ಸುಂಕದಿಂದ ಚರ್ಮ ಹದವಾಗುವುದಿಲ್ಲ. ರಾಸಾಯನಿಕ ತರಿಸಲು ವಿದೇಶಿ ಹಣ ಬೇಕು, ನೀರು ಶುದ್ಧಿ ಮಾಡುವ ಘಟಕ ಬೇಕು, ಕೊಳ್ಳುವವರು ಬೇಕು. ಇವು ಕೂಡಿಬರದೆ ಹಲವು ಟ್ಯಾನರಿಗಳು ಕುಂಟಿದವು, ಹಸಿ ತೊಗಲಿನ ಬೆಲೆ ನೆಲಕಚ್ಚಿತು. ಹಬ್ಬದ ಮರುದಿನ ಕುರಿ ತೊಗಲನ್ನು ಕೇಳುವವರೇ ಇಲ್ಲದೆ ಜನ ಬೀದಿಬದಿಗೆ ಎಸೆದ ಸುದ್ದಿಗಳು ಅಡಿಸ್ ಅಬಾಬಾದಿಂದ ಬಂದವು. ಅಮೆರಿಕದಲ್ಲೂ ಕೊಳ್ಳುವವರಿಲ್ಲದೆ ಲಕ್ಷಗಟ್ಟಲೆ ತೊಗಲು ಕಸದ ಗುಂಡಿಗೆ ಬಿದ್ದಿದೆ. ನಿಮ್ಮ ಸ್ಪರ್ಧೆಯ ಬೆನ್ನಿಗೆ ನಿಂತಿರುವ ಅಭಿಯಾನ ಹುಟ್ಟಿದ್ದೂ ಈ ಚಿಂತೆಯ ನಡುವೆಯೇ.

ನೈಜೀರಿಯಾದ ಕಥೆ ಬೇರೆ. ಅಲ್ಲಿ ದನದ ತೊಗಲಿಗೆ ಟ್ಯಾನರಿಗಿಂತ ಅಡುಗೆಮನೆಯಲ್ಲೇ ಬೇಡಿಕೆ. ‘ಪೊನ್ಮೊ’ ಎಂದು ಅದನ್ನು ಬೇಯಿಸಿ ತಿನ್ನುತ್ತಾರೆ. ಘಾನಾದಲ್ಲೂ ‘ವೆಲೆ’ ಎಂಬ ಹೆಸರಲ್ಲಿ ಇದೇ ಪದ್ಧತಿ. ಬಡವರ ತಟ್ಟೆಗೆ ಅಗ್ಗವಾಗಿ ಬೀಳುವ ಈ ಪದಾರ್ಥವನ್ನು ನಿಷೇಧಿಸಿ ಚರ್ಮೋದ್ಯಮಕ್ಕೆ ಕೊಡಬೇಕೆಂದು ನೈಜೀರಿಯಾದಲ್ಲಿ ಮತ್ತೆ ಮತ್ತೆ ಚರ್ಚೆಯೆದ್ದಿದೆ. ಉಣ್ಣುವವರ ತುತ್ತು ಕಸಿದು ಕೈಚೀಲ ಮಾಡುವುದು ಸುಸ್ಥಿರತೆ ಎನಿಸಿಕೊಳ್ಳದು ಎಂದೇ ನನ್ನ ಎಣಿಕೆ. ಕಾನೊ ಊರಿನ ಟ್ಯಾನರಿಗಳು ಬಹುಪಾಲು ಆಡು ಕುರಿಗಳ ಚರ್ಮವನ್ನೇ ನಂಬಿ ನಡೆಯುತ್ತವೆ. ಅಲ್ಲಿನ ವಿನ್ಯಾಸಕನಿಗೆ ಸಿಗುವ ವಸ್ತು ಅದು. ಒಂದು ಆಡಿನ ಚರ್ಮ ನಾಲ್ಕು ಚದರಡಿ ಆಸುಪಾಸು ಇರುತ್ತದೆ. ಅದರಲ್ಲಿ ಏನು ಮಾಡಬಹುದೆಂದು ಯೋಚಿಸಬೇಕೇ ಹೊರತು, ಮಿಲಾನಿನ ಪತ್ರಿಕೆಯಲ್ಲಿ ಕಂಡ ದೊಡ್ಡ ಚೀಲದ ನಕ್ಷೆಗೆ ಹೊಂದುವ ಚರ್ಮವನ್ನು ಎಲ್ಲಿಂದಲೋ ತರಿಸುವುದರಲ್ಲಿ ಅರ್ಥವಿಲ್ಲ.

ನಿಮ್ಮಲ್ಲಿ ಹಲವರು ಸಿದ್ಧ ಚರ್ಮವನ್ನಷ್ಟೇ ಕಂಡಿರುತ್ತೀರಿ. ಒಮ್ಮೆ ಕಸಾಯಿಖಾನೆಯ ಹಿತ್ತಲಿಗೆ ಹೋಗಿ ಬನ್ನಿ. ಬಿಸಿಲ ನಾಡಿನಲ್ಲಿ ಬಿಡಿಸಿದ ತೊಗಲಿಗೆ ಕೆಲವೇ ಗಂಟೆಗಳಲ್ಲಿ ಉಪ್ಪು ಬೀಳದಿದ್ದರೆ ಕೊಳೆಯುವುದಕ್ಕೆ ಶುರುವಾಗುತ್ತದೆ. ಬೆರಳಲ್ಲಿ ಎಳೆದರೆ ಕೂದಲು ಗೊಂಚಲಾಗಿ ಕೈಗೆ ಬರುತ್ತದೆ. ಅಷ್ಟಾಯಿತೆಂದರೆ ಆ ತೊಗಲಿನ ಮೇಲ್ಮೈ ಕೆಟ್ಟಿತೆಂದೇ ಲೆಕ್ಕ. ಅವಸರದಲ್ಲಿ ಸುಲಿದವನ ಕತ್ತಿಯ ಗೀರು ಒಳಮೈಯಲ್ಲಿ ಕಾಣುತ್ತದೆ. ಗುರುತಿಗೆಂದು ಹಾಕಿದ ಬರೆ, ಮುಳ್ಳು ತರಚಿದ ಗಾಯ, ಉಣ್ಣಿ ಕಚ್ಚಿದ ಚುಕ್ಕೆ ಎಲ್ಲವೂ ಹದವಾದ ಮೇಲೆ ಇನ್ನಷ್ಟು ಎದ್ದು ಕಾಣುತ್ತವೆ. ಇಥಿಯೋಪಿಯಾದ ಕುರಿ ಆಡುಗಳನ್ನು ಕಾಡುವ ‘ಎಕೆಕ್’ ಎಂಬ ಪಿಡುಗೊಂದಿದೆ. ಹೇನಿನಂಥ ಹುಳುಗಳಿಂದ ಬರುವ ಇದು ಪ್ರಾಣಿ ಬದುಕಿರುವಾಗ ಉಣ್ಣೆ ಕೂದಲ ಅಡಿಯಲ್ಲಿ ಮರೆಯಾಗಿರುತ್ತದೆ. ಕೂದಲು ತೆಗೆದ ಮೇಲೆ ಚರ್ಮದ ತುಂಬ ಸಣ್ಣ ಸಣ್ಣ ಗಂಟುಗಳು. ಒಂದೇ ಏಟಿಗೆ ದರ್ಜೆ ಇಳಿಯುತ್ತದೆ, ಕುರಿಗಾಹಿಗೆ ಸಿಗುವ ದುಡ್ಡೂ ಇಳಿಯುತ್ತದೆ.

ದರ್ಜೆ ಇಳಿದ ಚರ್ಮವನ್ನು ಟ್ಯಾನರಿಗಳು ಏನು ಮಾಡುತ್ತವೆ? ಮೇಲ್ಮೈಯನ್ನು ಉಜ್ಜಿ ಕಲೆ ಅಳಿಸಿ, ದಪ್ಪನೆಯ ಬಣ್ಣದ ಪದರ ಬಳಿದು, ಅದರ ಮೇಲೆ ಚರ್ಮದಂತೆಯೇ ಕಾಣುವ ಸುಕ್ಕಿನ ಅಚ್ಚು ಒತ್ತುತ್ತವೆ. ಆ ಪದರ ಬಹುಮಟ್ಟಿಗೆ ಪಾಲಿಯುರೆಥೇನ್, ಅಂದರೆ ಪ್ಲಾಸ್ಟಿಕ್. ಕೊಳ್ಳುವವನು ಚರ್ಮವೆಂದುಕೊಂಡು ಮುಟ್ಟುವುದು ಅದನ್ನೇ. ಕಲೆಯಿಲ್ಲದ ಚರ್ಮವೇ ಬೇಕೆಂದು ನಾವು ಹಟ ಹಿಡಿಯುವುದರಿಂದ ಈ ಪದರ ಬರುತ್ತದೆ. ಆ ಹಟವನ್ನು ಮುರಿಯುವ ಶಕ್ತಿ ವಿನ್ಯಾಸಕರಲ್ಲಿ ಮಾತ್ರ ಇದೆ.

ಹೇಗೆ ಎನ್ನುತ್ತೀರಾ? ಚರ್ಮವನ್ನು ಮೇಜಿನ ಮೇಲೆ ಹರವಿ, ಬೆಳಕಿಗೆ ಹಿಡಿದು, ಸೀಮೆಸುಣ್ಣದಲ್ಲಿ ಒಂದೊಂದು ಕಲೆಯನ್ನೂ ಸುತ್ತು ಹಾಕಿ ಗುರುತು ಮಾಡಿಕೊಳ್ಳಿ. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಸಡಿಲ, ಕುತ್ತಿಗೆಯ ಕಡೆ ಸುಕ್ಕು. ಆಮೇಲೆ ನಿಮ್ಮ ನಕ್ಷೆಯ ತುಂಡುಗಳನ್ನು ಅದರ ಮೇಲೆ ಇಟ್ಟು ನೋಡಿ. ದೊಡ್ಡ ಅಖಂಡ ಹಾಳೆಯ ಬದಲು ಸಣ್ಣ ತುಂಡುಗಳ ಜೋಡಣೆಯಿಂದ ನಿಮ್ಮ ಚೀಲ ಆದೀತೇ? ಮುಳ್ಳಿನ ಗೀರು ಬಂದ ಜಾಗ ಹೊರಗೆ ಕಾಣುವಂತಿದ್ದರೂ ಬಾಳಿಕೆಗೆ ಧಕ್ಕೆಯಿಲ್ಲವೆಂದಾದರೆ ಅದನ್ನು ಹಾಗೆಯೇ ಬಿಡಬಹುದೇ? ಅಥಣಿಯ ಮನೆಗಳಲ್ಲಿ ಅಟ್ಟೆ ಕತ್ತರಿಸಿ ಮಿಕ್ಕ ಚೂರುಗಳನ್ನು ಎಸೆಯುವುದಿಲ್ಲ. ಎಳೆ ಎಳೆಯಾಗಿ ಸೀಳಿ ಜಡೆ ಹೆಣೆಯುತ್ತಾರೆ. ಚಪ್ಪಲಿಯ ಮೇಲೆ ಕಾಣುವ ಆ ಜಡೆಯೇ ಅದರ ಚೆಲುವು. ಹೆಣೆಯುವ ಕೈಗಳು ಹೆಚ್ಚಾಗಿ ಹೆಂಗಸರವು. ಚೂರನ್ನು ಚೆಲುವಾಗಿಸುವ ಈ ಬುದ್ಧಿ ನಿಮ್ಮ ಹಳ್ಳಿಗಳಲ್ಲೂ ಇದೆ. ನೈಜರ್ ದೇಶದ ಆಗಾಡೆಸ್ ಸೀಮೆಯಲ್ಲಿ ತುವಾರೆಗ್ ಕುಶಲಕರ್ಮಿ ಮನೆತನಗಳ ಹೆಂಗಸರು ಮಾಡುವ ಚೀಲ, ದಿಂಬುಗಳನ್ನು ನೋಡಿದರೆ ಗೊತ್ತಾಗುತ್ತದೆ.

ಇನ್ನು ಹದದ ಮಾತು. ಇಲ್ಲಿ ನನಗೂ ನಿಮಗೂ ಒಂದು ಮರದ ನಂಟಿದೆ. ಕಾನೊ, ಸೊಕೊಟೊಗಳ ಹೌಸಾ ಹದಗಾರರು ಬಳಸುವ ‘ಬಗರುವಾ’ ಕಾಯಿ ನಮ್ಮ ಕರಿಜಾಲಿಯ ಕಾಯಿಯೇ. ಸುಡಾನಿನಲ್ಲಿ ಅದನ್ನೇ ‘ಗರದ್’ ಎನ್ನುತ್ತಾರೆ. ನೈಜೀರಿಯಾದಲ್ಲಿ ಆಡಿನ ತೊಗಲನ್ನು ಬೂದಿ, ಸುಣ್ಣದ ನೀರಿನಲ್ಲಿ ನೆನೆಹಾಕಿ, ಮರದ ದಿಂಡಿನ ಮೇಲೆ ಹರವಿ ಎರಡು ಕೈಯಿಂದ ಕತ್ತಿ ಒತ್ತಿ ಕೂದಲು ಹೆರೆಯುತ್ತಾರೆ. ಬಳಿಕ ಒಣಗಿದ ಬಗರುವಾ ಕಾಯಿಯನ್ನು ಕುಟ್ಟಿ ಕಲಸಿದ ನೀರಿಗೆ ಇಳಿಸುತ್ತಾರೆ. ಕೆಂಪು ಬೇಕಾದಾಗ ಒಂದು ಬಗೆಯ ಕೆಂಪು ಜೋಳದ ದಂಟಿನ ಸಿಪ್ಪೆಯಿಂದ ಬಣ್ಣ ತೆಗೆಯುತ್ತಾರೆ. ಶತಮಾನಗಳ ಕಾಲ ಒಂಟೆಗಳ ಮೇಲೆ ಸಹಾರಾ ದಾಟಿ ಉತ್ತರಕ್ಕೆ ಹೋದ ಈ ಚರ್ಮವನ್ನು ಯುರೋಪಿನವರು ‘ಮೊರಾಕೊ ಚರ್ಮ’ ಎಂದು ಕರೆದು ತಮ್ಮ ಅಮೂಲ್ಯ ಪುಸ್ತಕಗಳಿಗೆ ಹೊದಿಸಿದರು. ಸೊಕೊಟೊದ ಕೆಂಪು ಆಡು, ಅದನ್ನು ಸಾಕಿದವರು, ಹದ ಮಾಡಿದವರು ಯಾರ ನೆನಪಿಗೂ ಬರಲಿಲ್ಲ. ಸರಕನ್ನು ಕೊನೆಗೆ ಮಾರಿದ ನಾಡಿಗೆ ಹೆಸರು ಬಂತು.

ನಮ್ಮ ಅಥಣಿ ಭಾಗದಲ್ಲಿ ಜಾಲಿಯ ತೊಗಟೆ, ಅಳಲೆಕಾಯಿ ಎರಡನ್ನೂ ಬಳಸುವ ಪದ್ಧತಿ. ತೊಗಲನ್ನು ಚೀಲದಂತೆ ಹೊಲಿದು, ಒಳಗೆ ಒಗರಿನ ನೀರು ತುಂಬಿ ತೂಗುಹಾಕುತ್ತಾರೆ. ನೀರು ಜಿನುಗುತ್ತ ಜಿನುಗುತ್ತ ತೊಗಲಿನ ಎಳೆ ಎಳೆಗೂ ಇಳಿಯುತ್ತದೆ. ಕೆಳಗೆ ಸೋರಿದ್ದನ್ನು ಮತ್ತೆ ತುಂಬುತ್ತಾರೆ. ವಾರಗಳ ಕೆಲಸ ಇದು. ಜೊತೆಗೆ ಒಂದು ಎಚ್ಚರವನ್ನೂ ಹೇಳಬೇಕು. ಸಸ್ಯದ ಹದವೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಾಗುವುದಿಲ್ಲ. ತೊಗಟೆ ಸುಲಿದರೆ ಮರ ಸಾಯುತ್ತದೆ. ಕಾಯಿ ಆರಿಸಿದರೆ ಮರ ಉಳಿಯುತ್ತದೆ, ಮುಂದಿನ ವರ್ಷವೂ ಕಾಯಿ ಬಿಡುತ್ತದೆ. ಈ ಒಂದು ವಿಷಯದಲ್ಲಿ ಕಾನೊದ ಹಿರಿಯರಿಂದ ನಾವು ಕಲಿಯುವುದಿದೆ. ಒಗರಿನ ಕಪ್ಪು ನೀರನ್ನು ಕೆರೆಗೆ ಬಿಟ್ಟರೂ ಮೀನು ಸಾಯುತ್ತವೆ. ದಕ್ಷಿಣ ಆಫ್ರಿಕಾದ ಕ್ವಾಜುಲು ನಟಾಲ್‌ನಲ್ಲಿ ತೊಗಟೆಗೆಂದೇ ಬೆಳೆಸಿದ ಆಸ್ಟ್ರೇಲಿಯಾ ಮೂಲದ ವಾಟಲ್ ಮರ ಜಗತ್ತಿಗೆಲ್ಲ ಹದದ ಸಾರ ಕೊಟ್ಟಿದೆ. ತೋಪು ಬಿಟ್ಟು ಹೊರಗೆ ಹಬ್ಬಿ ಅಲ್ಲಿನ ಹೊಳೆಗಳ ನೀರನ್ನೂ ಹೀರಿದೆ. ‘ಸಸ್ಯದ ಹದ’ ಎಂದು ಪಟ್ಟಿ ಅಂಟಿಸುವ ಮುಂಚೆ ಯಾವ ಮರ, ಅದರ ಯಾವ ಭಾಗ, ಮಿಕ್ಕ ನೀರು ಎಲ್ಲಿಗೆ ಎಂದು ಕೇಳಿ.

ಜಗತ್ತಿನ ಚರ್ಮದಲ್ಲಿ ಬಹುಪಾಲು ಕ್ರೋಮಿಯಂ ಲವಣದಿಂದ ಹದವಾಗುತ್ತದೆ. ವಾರಗಳ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ, ಚರ್ಮ ಮೆತ್ತಗಿರುತ್ತದೆ. ಆದರೆ ಹಳೆಯ ವಿಧಾನದಲ್ಲಿ ಹಾಕಿದ ಲವಣದಲ್ಲಿ ಶೇ 60ರಿಂದ 70ರಷ್ಟನ್ನು ಮಾತ್ರ ಚರ್ಮ ಹಿಡಿದಿಟ್ಟುಕೊಳ್ಳುತ್ತದೆ. ಉಳಿದದ್ದು ನೀರಿನೊಂದಿಗೆ ಹೊರಗೆ. ಒಂದು ಟನ್ ಉಪ್ಪುಹಾಕಿದ ತೊಗಲಿಗೆ 30ರಿಂದ 40 ಸಾವಿರ ಲೀಟರ್ ನೀರು ಬೇಕಾಗುತ್ತದೆ. ಕೊನೆಗೆ ಸಿಗುವ ಸಿದ್ಧ ಚರ್ಮ 200ರಿಂದ 250 ಕಿಲೊ ಅಷ್ಟೆ. ಉಳಿದೆಲ್ಲ ಕೂದಲು, ಕೊಬ್ಬು, ಚೂರು, ಕೆಸರು. ಕಾನೊದ ಚಲ್ಲಾವಾ ನದಿ, ಇಥಿಯೋಪಿಯಾದ ಮೊಜೊ ನದಿ ಇದನ್ನೆಲ್ಲ ಹೊತ್ತಿವೆ.

ನಮ್ಮ ನೆರೆಯ ತಮಿಳುನಾಡಿನಲ್ಲಿ ಪಾಲಾರ್ ನದಿಯೂ ಇದೇ ಹೊರೆ ಹೊತ್ತಿತು. ಕರ್ನಾಟಕದ ನಂದಿಬೆಟ್ಟದ ಕಡೆ ಹುಟ್ಟಿ ವೆಲ್ಲೂರಿನತ್ತ ಹರಿಯುವ ನದಿ ಅದು. ಟ್ಯಾನರಿಗಳ ನೀರಿನಿಂದ ಅಲ್ಲಿನ ಬಾವಿಗಳು ಕೆಟ್ಟವು, ಗದ್ದೆಗಳು ಉಪ್ಪಾದವು. ವೆಲ್ಲೂರಿನ ನಾಗರಿಕರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1996ರ ತೀರ್ಪು ಕೆಡಿಸಿದವನೇ ದಂಡ ತೆರಬೇಕು, ಕೆಡುವ ಮುಂಚೆಯೇ ತಡೆಯಬೇಕು ಎಂಬ ಎರಡು ತತ್ವಗಳನ್ನು ಭಾರತದ ಪರಿಸರ ಕಾನೂನಿನಲ್ಲಿ ಗಟ್ಟಿಯಾಗಿ ನೆಟ್ಟಿತು. ಅಷ್ಟು ಹೊತ್ತಿಗೆ ನೆಲ ಕೆಟ್ಟಾಗಿತ್ತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಕ್ರೋಮಿಯಂ ಮರುಬಳಕೆ, ಕಡಿಮೆ ನೀರಿನ ಹದ ಮುಂತಾದವನ್ನು ರೂಢಿಗೆ ತರಲು ದುಡಿದಿದೆ. ಅದೇ ಸಂಸ್ಥೆ ಇಥಿಯೋಪಿಯಾದ ಚರ್ಮೋದ್ಯಮ ಸಂಸ್ಥೆಯ ಜೊತೆ ಕೈಜೋಡಿಸಿ ಅಲ್ಲಿನವರಿಗೆ ತರಬೇತಿಯನ್ನೂ ಕೊಟ್ಟಿದೆ. ನಾವು ನದಿ ಕಳೆದುಕೊಂಡು ಕಲಿತದ್ದನ್ನು ನೀವು ನದಿ ಕಳೆದುಕೊಳ್ಳದೆ ಕಲಿಯಿರಿ ಎಂಬುದು ನನ್ನ ಬೇಡಿಕೆ.

ಕ್ರೋಮ್ ಹದದ ಚರ್ಮ ಬಳಸಲೇಬೇಡಿ ಎನ್ನುವುದಿಲ್ಲ. ಮೆದುವಾದ ಕೈಗವಸಿಗೆ, ಉಡುಪಿಗೆ ಅದು ಬೇಕಾದೀತು. ಆದರೆ ಟ್ಯಾನರಿಗೆ ಹೋಗಿ ನೋಡಿ. ಲವಣದ ನೀರನ್ನು ಹಿಡಿದು ಮತ್ತೆ ಬಳಸುತ್ತಾರೆಯೇ, ಶುದ್ಧೀಕರಣ ಘಟಕ ಓಡುತ್ತಿದೆಯೇ ಅಥವಾ ತಪಾಸಣೆಯ ದಿನ ಮಾತ್ರ ಓಡುತ್ತದೆಯೇ, ಕೆಲಸಗಾರರ ಕೈಗೆ ರಬ್ಬರ್ ಗವಸು ಇದೆಯೇ ಎಂದು ಗಮನಿಸಿ. ಯುರೋಪಿನ ಒಕ್ಕೂಟ 2015ರಿಂದ ಚರ್ಮದ ವಸ್ತುಗಳಲ್ಲಿ ಆರು ವೇಲೆನ್ಸಿಯ ವಿಷಕಾರಿ ಕ್ರೋಮಿಯಂ ಕಿಲೊಗೆ 3 ಮಿಲಿಗ್ರಾಂಗಿಂತ ಕಡಿಮೆಯಿರಬೇಕೆಂದು ಕಟ್ಟಳೆ ಮಾಡಿದೆ. ಅಲ್ಲಿ ಚೀಲ ತೂಗುಹಾಕಿಕೊಳ್ಳುವವಳ ಕೈಗೆ ಅಷ್ಟು ಕಾಪಿರುವಾಗ, ಮೊಜೊದಲ್ಲಿ ಮೊಣಕಾಲು ನೀರಲ್ಲಿ ನಿಂತು ತೊಗಲು ಎತ್ತುವವನ ಕಾಲಿಗೂ ಕಾಪು ಬೇಕು.

ಯಾವ ತೊಗಲನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಕವೂ ವಿನ್ಯಾಸದ ಭಾಗವೇ. ಫುಲಾನಿಗಳು, ಬೊರಾನಾಗಳು, ಮಸಾಯಿಗಳು ಬೇರೇನೂ ಬೆಳೆಯದ ಒಣ ಹುಲ್ಲುಗಾವಲಿನಲ್ಲಿ ದನ ಮೇಯಿಸಿ ಬದುಕುವವರು. ಹಾಲಿಗೆ, ಮಾಂಸಕ್ಕೆ ಸಾಕಿದ ಪ್ರಾಣಿಯ ತೊಗಲು ಮಣ್ಣುಪಾಲಾಗದಂತೆ ಬಳಸುವುದು ಒಂದು. ತೊಗಲಿಗಾಗಿಯೇ ಕೊಲ್ಲುವುದು ಇನ್ನೊಂದು. ಚೀನಾದಲ್ಲಿ ‘ಎಜಿಯಾವ್’ ಎಂಬ ಔಷಧಕ್ಕೆ ಕತ್ತೆಯ ತೊಗಲು ಬೇಕೆಂದು ನಿಮ್ಮ ಖಂಡದಲ್ಲಿ ಕತ್ತೆಗಳ ಮಾರಣಹೋಮವೇ ನಡೆಯಿತು. ನೀರು, ಸೌದೆ ಹೊರುವ ಕತ್ತೆ ಹೋದರೆ ಆ ಹೊರೆ ಹೆಂಗಸರ ತಲೆಗೆ ಬರುತ್ತದೆ. 2024ರ ಫೆಬ್ರುವರಿಯಲ್ಲಿ ಆಫ್ರಿಕಾ ಒಕ್ಕೂಟದ ಶೃಂಗಸಭೆ ತೊಗಲಿಗಾಗಿ ಕತ್ತೆ ಕೊಲ್ಲುವುದನ್ನು ಖಂಡದಾದ್ಯಂತ ನಿಲ್ಲಿಸಲು ತೀರ್ಮಾನಿಸಿತು. ನಿಮ್ಮ ನಾಡುಗಳೇ ಗೆರೆ ಎಳೆದು ನಿಂತದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಎಸೆಯುವುದನ್ನು ಎತ್ತಿಕೊಂಡ ಉದಾಹರಣೆಯೂ ನಿಮ್ಮಲ್ಲೇ ಇದೆ. 1950ರ ದಶಕದಲ್ಲಿ ವಿಕ್ಟೋರಿಯಾ ಸರೋವರಕ್ಕೆ ತಂದುಬಿಟ್ಟ ನೈಲ್ ಪರ್ಚ್ ಮೀನು ಅಲ್ಲಿನ ಸ್ಥಳೀಯ ಮೀನುಗಳನ್ನು ನುಂಗಿ ಬೆಳೆಯಿತು. ಅದರ ಒಳ್ಳೆಯ ಮಾಂಸ ಯುರೋಪಿಗೆ ಹೋಗುತ್ತದೆ. ಮಾಂಸ ಕೊಯ್ದ ಬೆನ್ನೆಲುಬು ದಡದ ಬಡವರಿಗೆ ಉಳಿಯುತ್ತದೆ. ರಾಶಿಬಿದ್ದು ನಾರುತ್ತಿದ್ದ ಮೀನಿನ ತೊಗಲನ್ನು ಕೀನ್ಯಾದ ಕಿಸುಮು ಪಟ್ಟಣದ ಕುಶಲಕರ್ಮಿಗಳು ಎತ್ತಿಕೊಂಡು, ಹುರುಪೆ ತೆಗೆದು, ಸಸ್ಯಗಳ ಸಾರದಲ್ಲಿ ಹದ ಮಾಡಿ ಚಪ್ಪಲಿ, ಪರ್ಸು ಮಾಡುತ್ತಿದ್ದಾರೆ. ಹುರುಪೆ ಕೂತಿದ್ದ ಗೂಡುಗಳು ಸಾಲು ಸಾಲಾಗಿ ಉಳಿದು ತಾವೇ ಒಂದು ಚಿತ್ತಾರವಾಗುತ್ತವೆ. ಬೆರಳಾಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಒರಟು. ಅಚ್ಚು ಒತ್ತಿ ಇಂಥದ್ದನ್ನು ಮಾಡಲಾಗದು.

ಈಗ ಹೆಸರಿನ ಮಾತು. ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು. ಹದ ಮಾಡುವವರನ್ನು ನಮ್ಮ ಸಮಾಜ ಊರ ಹೊರಗೆ ಇಟ್ಟಿತು. ಅವರು ಮಾಡಿದ ಮೆಟ್ಟು ಬೇಕಾಯಿತು, ಅವರ ನೆರಳು ಬೇಡವಾಯಿತು. 12ನೇ ಶತಮಾನದಲ್ಲಿ ಬಸವಣ್ಣನ ಕಾಲದ ಶರಣರು ಸಮಗಾರ ಹರಳಯ್ಯನನ್ನು ತಮ್ಮವನೆಂದು ಅಪ್ಪಿಕೊಂಡರು. ಅವನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ ಮಾಡಿದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಿತು. ಎಂಟು ಶತಮಾನ ಕಳೆದರೂ ಚರ್ಮ ಮುಟ್ಟುವ ಕೈಗಳಿಗೆ ಅಂಟಿಸಿದ ಕಳಂಕ ನಮ್ಮಲ್ಲಿ ಪೂರ್ತಿ ತೊಳೆದುಹೋಗಿಲ್ಲ.

ನಿಮ್ಮಲ್ಲೂ ಹೀಗೇ ಇದೆ ಎಂದು ಓದಿ ಮನಸ್ಸು ಮುದುಡಿತು. ದಕ್ಷಿಣ ಇಥಿಯೋಪಿಯಾದ ಗಾಮೊ, ವೊಲಾಯ್ತಾ, ಕೊನ್ಸೊ ಸೀಮೆಗಳಲ್ಲಿ ತೊಗಲಿನ ಕೆಲಸ ಮಾಡುವವರು ಭೂಮಿಯಿಲ್ಲದೆ, ಊರಿನ ಇತರರ ಮನೆಯಿಂದ ಹೆಣ್ಣು ತರುವಂತಿಲ್ಲದೆ ಬೇರೆಯಾಗಿ ಬದುಕಿದವರು. ಕೊನ್ಸೊದಲ್ಲಿ ಹೆಂಗಸರು ತಾವೇ ಕಲ್ಲು ಒಡೆದು ಅಂಚು ಹರಿತ ಮಾಡಿ, ಆ ಕಲ್ಲಿನಿಂದ ತೊಗಲು ಹೆರೆಯುವುದನ್ನು ಪುರಾತತ್ವಜ್ಞರು ಹೋಗಿ ಕಂಡು ದಾಖಲಿಸಿದ್ದಾರೆ. ಜಗತ್ತಿನ ಬೇರೆಡೆ ವಸ್ತುಸಂಗ್ರಹಾಲಯದ ಗಾಜಿನೊಳಗೆ ಮಾತ್ರ ಉಳಿದ ವಿದ್ಯೆ ಆ ಹೆಂಗಸರ ಅಂಗೈಯಲ್ಲಿ ಜೀವಂತವಾಗಿತ್ತು. ಅಂಥ ವಿದ್ಯೆಯವರನ್ನು ಊರು ಕೀಳಾಗಿ ಕಂಡಿತು. ಪಶ್ಚಿಮ ಆಫ್ರಿಕಾದ ಮಾಂದೆ ಜನರಲ್ಲೂ ಚರ್ಮಗಾರರು ಬೇರೆಯೇ ಆದ ಕುಲದವರು.

ಆದ್ದರಿಂದ ಹದ ಮಾಡಿದವರ ಹೆಸರು ಹೇಳಿ ಎಂದು ನಾನು ಕೇಳುವುದನ್ನು ಬರಿಯ ಸೌಜನ್ಯವೆಂದು ಎಣಿಸಬೇಡಿ. ತಲೆತಲಾಂತರದ ಅವಮಾನಕ್ಕೆ ಕೊಡುವ ಉತ್ತರ ಅದು. ನಿಮ್ಮ ಚೀಲದ ಒಳಮಡಿಕೆಯಲ್ಲಿ ನಿಮ್ಮ ಮುದ್ರೆಯ ಪಕ್ಕ ಆ ಊರಿನ, ಆ ಮನೆಯ ಹೆಸರನ್ನೂ ಒತ್ತಿ. ಅವರು ಒಪ್ಪಿದರೆ ವೇದಿಕೆಗೂ ಕರೆದುಕೊಂಡು ಬನ್ನಿ.

ಹೆಸರು ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ಈಚೆಗೆ ಕಣ್ಣಾರೆ ಕಂಡೆವು. 2025ರ ಜೂನ್‌ನಲ್ಲಿ ಮಿಲಾನಿನ ವೇದಿಕೆಯಲ್ಲಿ ಪ್ರಾಡಾ ಕಂಪನಿಯ ರೂಪದರ್ಶಿಗಳು ತೊಟ್ಟು ನಡೆದ ಚಪ್ಪಲಿ ನಮ್ಮ ಕೊಲ್ಹಾಪುರಿಯ ಪಡಿಯಚ್ಚು. ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಅದು ಜಂಟಿ ಹಕ್ಕು. ಮಿಲಾನಿನಲ್ಲಿ ಅದನ್ನು ಬರಿಯ ‘ಚರ್ಮದ ಚಪ್ಪಲಿ’ ಎಂದರು. ಜನ ಸುಮ್ಮನಿರಲಿಲ್ಲ. ಕಂಪನಿ ಭಾರತದ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್‌ಕಾಮ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದಕ್ಕೂ ಬಂದಿತು. ನಮ್ಮಲ್ಲಿ ಕಾಗದದ ಮೇಲೆ ಹಕ್ಕು ದಾಖಲಾಗಿತ್ತು, ಅದಕ್ಕೇ ಕೇಳಲು ಒಂದು ಆಧಾರವಿತ್ತು. ಕುಮಾಸಿಯ ಅಶಾಂತಿ ಅರಸರ ‘ಅಹೆನೆಮಾ’ ಚಪ್ಪಲಿಗೆ, ತುವಾರೆಗ್ ಚೀಲಕ್ಕೆ, ಮಸಾಯಿ ಮಣಿಕೆಲಸದ ಚರ್ಮಕ್ಕೆ ಅಂಥ ಆಧಾರ ಇದೆಯೇ ಎಂದು ನಿಮ್ಮ ಹಿರಿಯರನ್ನು, ವಕೀಲರನ್ನು ಕೇಳಿ. ಹಾಗೆಯೇ ನೀವು ಕೂಡ ಒಂದು ಕುಲದ ಚಿತ್ತಾರವನ್ನು ನಿಮ್ಮ ಸ್ಪರ್ಧೆಯ ಚೀಲಕ್ಕೆ ಎತ್ತಿಕೊಳ್ಳುವ ಮುಂಚೆ ಆ ಕುಲದವರನ್ನು ಕೇಳಿ. ಪ್ಯಾರಿಸಿನವರು ಮಾಡಿದರೆ ತಪ್ಪಾಗುವುದು ನೈರೋಬಿಯವರು ಮಾಡಿದರೆ ಸರಿಯಾಗುವುದಿಲ್ಲ.

ಬಹುಮಾನ ಬಂದ ಮೇಲಿನ ದಾರಿಯನ್ನೂ ಈಗಲೇ ಯೋಚಿಸಿ. ಗೆದ್ದ ಚೀಲ ಒಂದೇ. ಅದರ ಚಿತ್ರ ಎಲ್ಲೆಡೆ ಬರುತ್ತದೆ. ಮರುವಾರ ಇಪ್ಪತ್ತು ಚೀಲ ಬೇಕೆಂದು ಬೇಡಿಕೆ ಬಂದರೆ ಅಷ್ಟೇ ಪ್ರಮಾಣದ, ಅದೇ ಹದದ ಚರ್ಮ ಕೊಡುವವರು ಯಾರು? ದೊಡ್ಡ ಟ್ಯಾನರಿಗಳು ಸಣ್ಣ ಬೇಡಿಕೆಗೆ ಕಿವಿಗೊಡುವುದು ಕಡಿಮೆ. ಹತ್ತಾರು ಮಂದಿ ಸೇರಿ ಒಟ್ಟಿಗೆ ಚರ್ಮ ಕೊಳ್ಳುವ ಒಂದು ಕೂಟ ಕಟ್ಟಿಕೊಳ್ಳಿ. ಅಥಣಿಯಲ್ಲಿ ‘ಟೋಹೋಲ್ಡ್’ ಎಂಬ ಕುಶಲಕರ್ಮಿಗಳ ಒಕ್ಕೂಟ ಹೆಂಗಸರ ಸ್ವಸಹಾಯ ಗುಂಪುಗಳ ಮೂಲಕ ಇಂಥದ್ದೇ ದಾರಿಯಲ್ಲಿ ಹೊರದೇಶದ ಮಾರುಕಟ್ಟೆ ಮುಟ್ಟಿತು. ನೈರೋಬಿಯ ಕರಿಯೊಕೊರ್ ಮಾರುಕಟ್ಟೆಯ ಚಪ್ಪಲಿಗಾರರು, ಫೆಮಿ ಒಲಾಯೆಬಿ 2017ರಲ್ಲಿ ಶುರುಮಾಡಿದ ಲೇಗೋಸ್ ಲೆದರ್ ಫೇರ್, 2021ರ ಜನವರಿಯಲ್ಲಿ ವ್ಯಾಪಾರಕ್ಕೆ ಬಾಗಿಲು ತೆರೆದ ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ಒಪ್ಪಂದ ಇವೆಲ್ಲ ನಿಮಗೆ ಒದಗಿರುವ ಆಸರೆಗಳು. ಬಮಾಕೊದ ಚೀಲ ಪ್ಯಾರಿಸಿಗೆ ಹೋಗುವ ಮುಂಚೆ ಅಕ್ರಾಕ್ಕೆ ಹೋಗಲಿ, ಕಂಪಾಲಕ್ಕೆ ಹೋಗಲಿ.

ಇನ್ನೊಂದು ಮಾತು. ರಿಪೇರಿಯಾಗದ ವಸ್ತು ಎಷ್ಟೇ ಹಸಿರಾಗಿದ್ದರೂ ಕಸವೇ. ಅಥಣಿಯ ಒಳ್ಳೆಯ ಚಪ್ಪಲಿಯಲ್ಲಿ ಮೊಳೆ ಇರುವುದಿಲ್ಲ. ಅಟ್ಟೆಯ ಪದರಗಳನ್ನು ಚರ್ಮದ ದಾರದಿಂದಲೇ ಹೊಲಿದಿರುತ್ತಾರೆ. ಸವೆದರೆ ಬಿಚ್ಚಿ ಹೊಸ ಪದರ ಹಾಕಬಹುದು. ನಿಮ್ಮ ನಾಡಿನ ಹಳೆ ಟಯರಿನ ಅಟ್ಟೆಯ ಚಪ್ಪಲಿಗಳೂ ಬೀದಿಬದಿಯ ರಿಪೇರಿಗೆ ಬಗ್ಗುತ್ತವೆ. ನಿಮ್ಮ ವಿನ್ಯಾಸವನ್ನು ನಿಮ್ಮ ಬೀದಿಯ ಮೂಲೆಯಲ್ಲಿ ಕೂರುವ ಚಪ್ಪಲಿ ಹೊಲಿಯುವವನ ಮುಂದಿಟ್ಟು, ಇದು ಕಿತ್ತರೆ ನಿನ್ನ ಕೈಲಿ ಸರಿಯಾಗುತ್ತದೆಯೇ ಎಂದು ಕೇಳಿ. ಅವನು ಹೂಂ ಎಂದರೆ ಮಾತ್ರ ತೀರ್ಪುಗಾರರ ಮುಂದಿಡಿ.

ಕೊನೆಯದಾಗಿ, ಸ್ಪರ್ಧೆ ನಡೆಸುವವರಿಗೂ ತೀರ್ಪುಗಾರರಿಗೂ ನಿಮ್ಮ ಮೂಲಕ ಮೂರು ಕೋರಿಕೆ. ಪ್ರವೇಶದ ಅರ್ಜಿಯಲ್ಲಿ ವಿನ್ಯಾಸಕನ ಹೆಸರಿನ ಕೆಳಗೇ ಹದಗಾರರ ಮತ್ತು ಹೊಲಿದವರ ಹೆಸರಿಗೆ ಜಾಗ ಕೊಡಿ; ಅದು ಖಾಲಿ ಬಿಟ್ಟರೆ ಅಂಕ ಕಡಿಮೆಯಾಗಲಿ. ಕಲೆಯಿರುವ ಚರ್ಮವನ್ನು ಪ್ಲಾಸ್ಟಿಕ್ ಬಳಿಯದೆ ಜಾಣ್ಮೆಯಿಂದ ಬಳಸಿದವರಿಗೆ ಬೇರೆಯದೇ ಬಹುಮಾನವಿರಲಿ. ಗೆದ್ದವರಿಗೆ ಕೊಡುವ ಹಣದ ಒಂದು ಪಾಲು ಅವರಿಗೆ ಚರ್ಮ ಒದಗಿಸಿದ ಹದಗಾರರ ಕೈಗೆ, ನೀರು ಶುದ್ಧಿ ಮಾಡುವ ತೊಟ್ಟಿಗೋ ಕೈಗವಸಿಗೋ ಆಗುವಂತೆ, ನೇರವಾಗಿ ಹೋಗಲಿ. ಈ ಮೂರನ್ನು ನೀವು ಒಟ್ಟಾಗಿ ಕೇಳಿದರೆ ಅವರು ಇಲ್ಲವೆನ್ನಲಾರರು ಎಂದು ನನ್ನ ನಂಬಿಕೆ. ಸ್ಪರ್ಧೆಗೆ ಬೆಲೆ ಬರುವುದು ನಿಮ್ಮಿಂದ.

ಅವರು ಬದಲಾಗುವ ತನಕ ಕಾಯಬೇಕಿಲ್ಲ. ಈ ಸಲದ ನಿಮ್ಮ ಅರ್ಜಿಯಲ್ಲಿ ಅಂಥ ಜಾಗವಿಲ್ಲದಿದ್ದರೆ ಒಂದು ಹಾಳೆ ಹೆಚ್ಚಿಗೆ ಲಗತ್ತಿಸಿ, ತೊಗಲು ಬಂದ ಊರು, ಹದ ಮಾಡಿದವರು, ಬಳಸಿದ ಕಾಯಿ ಅಥವಾ ಲವಣ, ಹೊಲಿದವರು ಇಷ್ಟನ್ನೂ ಬರೆದು ಕಳಿಸಿ. ನಮ್ಮ ಅಥಣಿ, ನಿಪ್ಪಾಣಿಯ ಹುಡುಗ ಹುಡುಗಿಯರಿಗೂ ನಾನು ಇದನ್ನೇ ಹೇಳುತ್ತಿದ್ದೇನೆ. ನೀವು ಮೊದಲು ಮಾಡಿ ತೋರಿಸಿದರೆ ಅವರಿಗೆ ನಿಮ್ಮ ಹೆಸರು ಹೇಳಿ ಹುರಿದುಂಬಿಸುತ್ತೇನೆ.

ನಿಮಗೆಲ್ಲ ಒಳ್ಳೆಯದಾಗಲಿ.

ಇತಿ,
ಕರ್ನಾಟಕದಿಂದ ನಿಮ್ಮ ಹಿತೈಷಿ